ಸರಿಯಾದ ಮಾಸ್ಟರ್ ಪಾಸ್‌ವರ್ಡನ್ನೇ ಪಾಸ್‌ವರ್ಡ್ ಮ್ಯಾನೇಜರ್ ಒಪ್ಪದಿದ್ದಾಗ

ಬಿಟ್‌ವಾರ್ಡನ್, ವನ್‌ಪಾಸ್‌ವರ್ಡ್, ಕೀಪಾಸ್‌ಎಕ್ಸ್‌ಸಿ ಮೊದಲಾದ ಪಾಸ್‌ವರ್ಡ್ ಮ್ಯಾನೇಜರ್‌ಗಳನ್ನು ಬಳಸುವವರಿಗೆ ಎದುರಾಗಬಹುದಾದ ತೊಂದರೆಗಳಲ್ಲಿ ಅತ್ಯಂತ ಗಾಬರಿ ಹುಟ್ಟಿಸುವುದೆಂದರೆ, ನಿನ್ನೆಯವರೆಗೆ ತೆರೆದುಕೊಳ್ಳುತ್ತಿದ್ದ ವಾಲ್ಟ್ (ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿಟ್ಟ ತಿಜೋರಿ) ಇಂದು ಅದೇ ಮಾಸ್ಟರ್ ಪಾಸ್‌ವರ್ಡ್ ಕೊಟ್ಟರೂ ತೆರೆಯದಿರುವುದು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಅದೇ ಪಾಸ್‌ವರ್ಡನ್ನು ಇನ್ನಷ್ಟು ಅವಸರದಿಂದ ಮತ್ತೆ ಮತ್ತೆ ಒತ್ತುತ್ತಾರೆ, ಇಲ್ಲವೇ ಆ್ಯಪನ್ನು ಅಳಿಸಿ ಹೊಸದಾಗಿ ಹಾಕಿಕೊಳ್ಳುತ್ತಾರೆ. ಮೊದಲನೆಯದರಿಂದ ಪ್ರಯೋಜನವಿಲ್ಲ, ಎರಡನೆಯದರಿಂದ ಮತ್ತೆ ಸರಿಪಡಿಸಲಾಗದ ನಷ್ಟವಾಗಬಹುದು.

ಕಾರಣ ಹುಡುಕುವ ಮೊದಲು, ‘ಪಾಸ್‌ವರ್ಡ್ ತಪ್ಪಾಗಿದೆ’ ಎಂಬ ಸಂದೇಶದ ಹಿಂದೆ ಏನು ನಡೆಯುತ್ತದೆ ಎಂಬುದನ್ನು ತಿಳಿದಿರಬೇಕು. ಈ ತಂತ್ರಾಂಶಗಳು ನಿಮ್ಮ ಮಾಸ್ಟರ್ ಪಾಸ್‌ವರ್ಡನ್ನು ಎಲ್ಲಿಯೋ ಬರೆದಿಟ್ಟುಕೊಂಡು, ನೀವು ಒತ್ತಿದ್ದನ್ನು ಅದರೊಂದಿಗೆ ಹೋಲಿಸಿ ನೋಡುವುದಿಲ್ಲ. ನೀವು ಒತ್ತಿದ ಅಕ್ಷರಗಳನ್ನು ಇತರ ಕೆಲವು ಸಂಗತಿಗಳೊಂದಿಗೆ ಸೇರಿಸಿ, ದೀರ್ಘವಾದ ಗಣಿತದ ಪ್ರಕ್ರಿಯೆಗೆ ಒಳಪಡಿಸಿ, ಬಂದ ಫಲಿತಾಂಶವನ್ನೇ ಎನ್‌ಕ್ರಿಪ್ಷನ್ ಕೀಲಿಯಾಗಿ ಬಳಸುತ್ತವೆ. ಬಿಟ್‌ವಾರ್ಡನ್‌ನಲ್ಲಿ ಹೀಗೆ ಸೇರುವುದು ನಿಮ್ಮ ಇಮೇಲ್ ವಿಳಾಸ. ಅಲ್ಲಿ ಹೊಸ ಖಾತೆಗಳಿಗೆ ಪಿಬಿಕೆಡಿಎಫ್2 ಎಂಬ ವಿಧಾನದಲ್ಲಿ ಆ ಗಣಿತದ 6,00,000 ಸುತ್ತುಗಳನ್ನು ನಿಗದಿಪಡಿಸಲಾಗಿದೆ. ವನ್‌ಪಾಸ್‌ವರ್ಡ್‌ನಲ್ಲಿ ಖಾತೆ ತೆರೆದಾಗ ಕೊಟ್ಟ 128 ಬಿಟ್‌ಗಳ ಸೀಕ್ರೆಟ್ ಕೀ ಸೇರುತ್ತದೆ. ಕೀಪಾಸ್ ಕುಟುಂಬದ ತಂತ್ರಾಂಶಗಳಲ್ಲಿ, ನೀವು ಹಾಗೆ ಹೊಂದಿಸಿಕೊಂಡಿದ್ದರೆ, ಕೀ ಫೈಲ್ (ಪಾಸ್‌ವರ್ಡಿನ ಜೊತೆಗೆ ಕೊಡಬೇಕಾದ ಒಂದು ಫೈಲ್) ಅಥವಾ ಯೂಬಿಕೀಯಂಥ ಸಣ್ಣ ಭದ್ರತಾ ಸಾಧನ ಸೇರುತ್ತದೆ. ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಿಗುವ ಕೀಲಿ ಸಂಪೂರ್ಣ ಬೇರೆಯಾಗಿರುತ್ತದೆ. ‘ಬಹುಪಾಲು ಸರಿ’ ಎಂಬ ಸ್ಥಿತಿಯೇ ಇಲ್ಲಿಲ್ಲ. ಆದ್ದರಿಂದ ಆ ಸಂದೇಶದ ನಿಜವಾದ ಅರ್ಥ ಇಷ್ಟೇ: ಈ ಎಲ್ಲ ಸಂಗತಿಗಳು ಸೇರಿ ಹುಟ್ಟಿದ ಕೀಲಿ ಈ ವಾಲ್ಟನ್ನು ತೆರೆಯಲಿಲ್ಲ. ಯಾವ ಸಂಗತಿ ಕೆಟ್ಟಿತು ಎಂಬುದು ತಂತ್ರಾಂಶಕ್ಕೂ ಗೊತ್ತಿರುವುದಿಲ್ಲ. ಅದು ಪಾಸ್‌ವರ್ಡನ್ನು ದೂರುವುದು ಕೇವಲ ಸಂಭವನೀಯತೆಯ ಲೆಕ್ಕದಿಂದ, ಮತ್ತು ಹಲವು ಸಲ ಆ ದೂರು ಅನ್ಯಾಯದ್ದು.

ಮುಟ್ಟಬಾರದ ಗುಂಡಿಗಳು

ಮೊದಲ ಕೆಲಸ ಈಗ ಕೈಯಲ್ಲಿರುವುದನ್ನು ಕಳೆದುಕೊಳ್ಳದಿರುವುದು. ಯಾವ ಸಾಧನದಲ್ಲಿಯೂ ಲಾಗ್ಔಟ್ ಮಾಡಬೇಡಿ, ಆ್ಯಪ್ ಅಳಿಸಬೇಡಿ, ಅದರ ಡೇಟಾವನ್ನು ತೆರವುಗೊಳಿಸಬೇಡಿ, ಬ್ರೌಸರಿನ ಎಕ್ಸ್‌ಟೆನ್ಷನ್ ತೆಗೆಯಬೇಡಿ, ಫೋನನ್ನು ರೀಸೆಟ್ ಮಾಡುವ ಯೋಚನೆಯನ್ನಂತೂ ಮಾಡಲೇಬೇಡಿ. ‘ಲಾಕ್’ ಆಗಿರುವುದಕ್ಕೂ ‘ಲಾಗ್ಔಟ್’ ಆಗಿರುವುದಕ್ಕೂ ಬಹಳ ವ್ಯತ್ಯಾಸವಿದೆ: ಲಾಕ್ ಆದ ಆ್ಯಪಿನಲ್ಲಿ ನಿಮ್ಮ ವಾಲ್ಟಿನ ಪ್ರತಿ ಆ ಸಾಧನದಲ್ಲಿಯೇ ಇದ್ದು, ಬೆರಳಚ್ಚು, ಮುಖ ಅಥವಾ ಪಿನ್ ಮೂಲಕ ತೆರೆಯುವ ದಾರಿ ಉಳಿದಿರಬಹುದು. ಲಾಗ್ಔಟ್ ಆದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಬಿಟ್‌ವಾರ್ಡನ್‌ನಲ್ಲಿ ಪಿನ್ ಅನ್ನು ಐದು ಸಲ ತಪ್ಪಾಗಿ ಒತ್ತಿದರೆ ಆ್ಯಪ್ ತಾನಾಗಿಯೇ ಲಾಗ್ಔಟ್ ಆಗುತ್ತದೆ ಎಂಬುದನ್ನು ನೆನಪಿಡಿ. ಪಿನ್ ಖಚಿತವಾಗಿ ಗೊತ್ತಿಲ್ಲದಿದ್ದರೆ ಊಹಿಸುತ್ತ ಕೂರುವುದು ಅಪಾಯ.

ಬಳಿಕ ನಿಮ್ಮ ಹಳೆಯ ಫೋನ್, ಮನೆಯ ಟ್ಯಾಬ್ಲೆಟ್, ಕಚೇರಿಯ ಲ್ಯಾಪ್‌ಟಾಪ್ ಇವುಗಳಲ್ಲಿ ಎಲ್ಲಾದರೂ ವಾಲ್ಟ್ ಇನ್ನೂ ತೆರೆದುಕೊಳ್ಳುತ್ತದೆಯೇ ನೋಡಿ. ಒಂದು ಕಡೆಯಾದರೂ ತೆರೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಬಿಟ್‌ವಾರ್ಡನ್‌ನಲ್ಲಿ ವಾಲ್ಟನ್ನು ಒಟ್ಟಾಗಿ ಹೊರತೆಗೆಯಲು ಮತ್ತೆ ಮಾಸ್ಟರ್ ಪಾಸ್‌ವರ್ಡ್ ಕೇಳುವುದರಿಂದ, ಬೆರಳಚ್ಚಿನಿಂದ ತೆರೆದ ವಾಲ್ಟಿನಲ್ಲಿ ಒಂದೊಂದೇ ಲಾಗಿನ್ ತೆರೆದು ಕೈಯಿಂದ ಬರೆದುಕೊಳ್ಳಬೇಕಾಗುತ್ತದೆ. ಬೇಸರದ ಕೆಲಸ ನಿಜ, ಆದರೂ ಇಮೇಲ್, ಬ್ಯಾಂಕ್, ಮೊಬೈಲ್ ಸಂಸ್ಥೆಯ ಖಾತೆಗಳಿಂದ ಆರಂಭಿಸಿ ಮುಖ್ಯವಾದವುಗಳನ್ನು ಕಾಗದದ ಮೇಲೆ ಇಳಿಸಿಕೊಳ್ಳಿ. ಹೀಗೆ ತೆರೆದ ಫೋನಿನಿಂದ ಕಂಪ್ಯೂಟರಿನ ಲಾಗಿನ್‌ಗೆ ಒಪ್ಪಿಗೆ ಕೊಡುವ, ಅಂದರೆ ಮಾಸ್ಟರ್ ಪಾಸ್‌ವರ್ಡಿನ ಬದಲು ಇನ್ನೊಂದು ಸಾಧನದ ಮೂಲಕ ಒಳಹೋಗುವ ಸೌಲಭ್ಯವೂ ಬಿಟ್‌ವಾರ್ಡನ್‌ನಲ್ಲಿದೆ. ದೊಡ್ಡ ಪರದೆಯಲ್ಲಿ ನಕಲು ಮಾಡಿಕೊಳ್ಳುವುದು ಆಗ ಸುಲಭ. ಕೀಪಾಸ್‌ಎಕ್ಸ್‌ಸಿಯ ಹಲವು ಆವೃತ್ತಿಗಳಲ್ಲಿ, ಡೇಟಾಬೇಸ್ (ಅಲ್ಲಿ ವಾಲ್ಟಿಗೆ ಇರುವ ಹೆಸರು) ಒಮ್ಮೆ ತೆರೆದಿದ್ದರೆ ಹಳೆಯ ಪಾಸ್‌ವರ್ಡ್ ಕೇಳದೆಯೇ ಹೊಸದನ್ನು ನಿಗದಿಪಡಿಸಲು ಬರುತ್ತದೆ. ಅಂಥ ಕಂಪ್ಯೂಟರ್ ತೆರೆದ ಸ್ಥಿತಿಯಲ್ಲಿ ಸಿಕ್ಕರೆ, ಅದನ್ನು ಮಲಗಿಸದೆ, ಮುಚ್ಚದೆ, ಮೊದಲು ಆ ಕೆಲಸ ಮುಗಿಸಿ.

ಕೀಪಾಸ್ ಬಳಸುವವರು ಇನ್ನೊಂದು ಕೆಲಸ ಮಾಡಬೇಕು. ಡೇಟಾಬೇಸ್ ಫೈಲನ್ನು, ಇದ್ದರೆ ಕೀ ಫೈಲನ್ನೂ, ಪೆನ್ ಡ್ರೈವಿಗೆ ನಕಲು ಮಾಡಿ ಪಕ್ಕಕ್ಕಿಡಿ. ಮುಂದಿನ ಎಲ್ಲ ಪರೀಕ್ಷೆಗಳೂ ನಕಲಿನ ಮೇಲೆಯೇ ನಡೆಯಲಿ.

ನಿಜವಾಗಿ ಏನು ಒತ್ತುತ್ತಿದ್ದೀರಿ?

ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರಿಯ ಚುಕ್ಕೆಗಳು. ನಾವು ಒತ್ತಿದ್ದೇವೆ ಎಂದುಕೊಂಡ ಅಕ್ಷರವೂ ಕಂಪ್ಯೂಟರಿಗೆ ತಲುಪಿದ ಅಕ್ಷರವೂ ಒಂದೇ ಎಂಬುದಕ್ಕೆ ಅಲ್ಲಿ ಯಾವ ಸಾಕ್ಷಿಯೂ ಇಲ್ಲ. ಪೆಟ್ಟಿಗೆಯ ಬಲಬದಿಯ ಕಣ್ಣಿನ ಚಿತ್ರವನ್ನು ಒತ್ತಿ, ಅಕ್ಷರಗಳನ್ನು ಕಣ್ಣಾರೆ ನೋಡಿಕೊಂಡು ನಿಧಾನವಾಗಿ ಟೈಪ್ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಆ ಸೌಲಭ್ಯ ಇಲ್ಲದ ಕಡೆ ಬೇರೆಡೆ ಟೈಪ್ ಮಾಡಿ ನೋಡಲೇಬೇಕಾದರೆ, ಜಾಗವನ್ನು ಎಚ್ಚರದಿಂದ ಆರಿಸಿ. ಬ್ರೌಸರಿನ ವಿಳಾಸ ಪಟ್ಟಿಯಲ್ಲಿ ಬರೆದದ್ದು ಹುಡುಕಾಟದ ಸಲಹೆಗಳಿಗಾಗಿ ಹೊರಗಿನ ಸರ್ವರಿಗೆ ಹೋಗಬಹುದು. ಕ್ರೋಮಿನ ವರ್ಧಿತ ಕಾಗುಣಿತ ಪರೀಕ್ಷೆ ಚಾಲೂ ಇದ್ದರೆ ಪುಟದಲ್ಲಿ ಟೈಪಿಸಿದ ಪಠ್ಯವೂ ಹಾಗೆಯೇ ಹೋಗುತ್ತದೆ. ವಿಂಡೋಸ್ 11ರ ನೋಟ್‌ಪ್ಯಾಡ್ ಕೂಡ ಈಗ ಉಳಿಸದ ಪಠ್ಯವನ್ನು ತಾನಾಗಿಯೇ ಜೋಪಾನ ಮಾಡಿಟ್ಟುಕೊಂಡು ಮುಂದಿನ ಸಲ ತೋರಿಸುತ್ತದೆ, ಆದ್ದರಿಂದ ಮುಚ್ಚುವ ಮೊದಲು ಅಳಿಸಬೇಕು. ನಿಮಗೇ ನೀವು ವಾಟ್ಸಾಪ್ ಸಂದೇಶ ಕಳಿಸಿ ನೋಡುವುದು ಬೇಡ.

ಕ್ಯಾಪ್ಸ್ ಲಾಕ್ ಎಲ್ಲರೂ ನೋಡುತ್ತಾರೆ. ನಂ ಲಾಕ್ ಯಾರೂ ನೋಡುವುದಿಲ್ಲ. ಪ್ರತ್ಯೇಕ ಅಂಕಿಗಳ ಗುಂಪಿರುವ ಕೀಲಿಮಣೆಯಲ್ಲಿ ಅದು ಆರಿಹೋಗಿದ್ದರೆ ನೀವು ಒತ್ತಿದ ಅಂಕಿಗಳು ಬಾಣದ ಗುರುತಿನ ಕೆಲಸ ಮಾಡುತ್ತವೆ, ಪೆಟ್ಟಿಗೆಯಲ್ಲಿ ಚುಕ್ಕೆಯೇ ಮೂಡುವುದಿಲ್ಲ. ಹಳೆಯ ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಇದು ತಿರುಗುಮುರುಗು: ನಂ ಲಾಕ್ ಹೊತ್ತಿದ್ದರೆ ಜೆ, ಕೆ, ಎಲ್ ಕೀಲಿಗಳಿಂದ 1, 2, 3 ಬರುತ್ತವೆ. ಚುಕ್ಕೆಗಳನ್ನು ಎಣಿಸುವುದು ಈ ಕಾರಣಕ್ಕೆ ಉಪಯುಕ್ತ. ನಿಮ್ಮ ಪಾಸ್‌ವರ್ಡಿನಲ್ಲಿ 14 ಅಕ್ಷರಗಳಿದ್ದು 13 ಚುಕ್ಕೆಗಳು ಮಾತ್ರ ಕಂಡರೆ, ಯಾವುದೋ ಕೀಲಿ ಸತ್ತಿದೆ ಅಥವಾ ಸೋತಿದೆ. 15 ಕಂಡರೆ ಒಂದು ಕೀಲಿ ಎರಡು ಸಲ ಬಡಿಯುತ್ತಿದೆ.

ವಿನ್ಯಾಸ ಬದಲಾಗಿರುವುದು ಇನ್ನೂ ಸೂಕ್ಷ್ಮವಾದ ತೊಡಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಕೀಲಿಮಣೆಯ ಭಾಷೆ ಬದಲಾಗುತ್ತದೆ, ಮತ್ತು ಅದು ಕೈತಪ್ಪಿನಿಂದ ಆಗುವುದು ಸಾಮಾನ್ಯ. ಕನ್ನಡಕ್ಕೆ ಬದಲಾಗಿದ್ದರೆ ಬೇಗ ತಿಳಿಯುತ್ತದೆ. ಒಂದು ಇಂಗ್ಲಿಷ್ ವಿನ್ಯಾಸದಿಂದ ಇನ್ನೊಂದು ಇಂಗ್ಲಿಷ್ ವಿನ್ಯಾಸಕ್ಕೆ ಬದಲಾಗಿದ್ದರೆ ತಿಳಿಯುವುದೇ ಇಲ್ಲ, ಏಕೆಂದರೆ ಅಕ್ಷರಗಳೆಲ್ಲ ಅಲ್ಲಲ್ಲೇ ಇರುತ್ತವೆ. ಅಮೆರಿಕದ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಇಮೇಲ್ ವಿಳಾಸದಲ್ಲಿ ಬರುವ ‘ಅಟ್’ ಚಿಹ್ನೆ ಸಿಗುತ್ತದೆ. ಬ್ರಿಟನ್ನಿನ ವಿನ್ಯಾಸದಲ್ಲಿ ಅದೇ ಜಾಗದಲ್ಲಿ ಎರಡೆಳೆಯ ಉದ್ಧರಣ ಚಿಹ್ನೆ ಇರುತ್ತದೆ. ಶಿಫ್ಟ್ ಜೊತೆ 3 ಒತ್ತಿದರೆ ಒಂದರಲ್ಲಿ ಹ್ಯಾಶ್, ಇನ್ನೊಂದರಲ್ಲಿ ಪೌಂಡ್ ಚಿಹ್ನೆ. ಬೆಂಗಳೂರಿನಲ್ಲಿ ಮಾಡಿಕೊಂಡ ಪಾಸ್‌ವರ್ಡನ್ನು ಲಂಡನ್ನಿನ ಕಚೇರಿಯ ಕಂಪ್ಯೂಟರಿನಲ್ಲಿ ಒತ್ತುವವರಿಗೆ, ಅಥವಾ ಜರ್ಮನಿಯಲ್ಲಿ ವೈ ಮತ್ತು ಝಡ್ ಕೀಲಿಗಳು ಪರಸ್ಪರ ಜಾಗ ಬದಲಿಸಿಕೊಂಡಿರುವ ಕೀಲಿಮಣೆ ಸಿಕ್ಕವರಿಗೆ ಇದೇ ತೊಂದರೆ. ಅಮೆರಿಕದ ‘ಇಂಟರ್‌ನ್ಯಾಷನಲ್’ ವಿನ್ಯಾಸವಂತೂ ಉದ್ಧರಣ ಚಿಹ್ನೆ ಒತ್ತಿದೊಡನೆ ಅದನ್ನು ಮೂಡಿಸದೆ ಮುಂದಿನ ಅಕ್ಷರಕ್ಕಾಗಿ ಕಾಯುತ್ತದೆ. ಮುಂದೆ ಸ್ವರಾಕ್ಷರ ಬಂದರೆ ಎರಡನ್ನೂ ಬೆಸೆದು ತಲೆಯ ಮೇಲೆ ಗುರುತಿರುವ ಒಂದೇ ಅಕ್ಷರ ಮಾಡಿಬಿಡುತ್ತದೆ.

ಫೋನಿನ ಕೀಲಿಮಣೆಯ ‘ಉಪಕಾರ’ಗಳು ಬೇರೆ ಬಗೆಯವು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಸಲಹೆಯ ಪದವನ್ನು ಆರಿಸಿದಾಗ ಕೊನೆಗೊಂದು ಖಾಲಿ ಜಾಗ ಸೇರಿಸುವುದು, ಎರಡು ಸಲ ಸ್ಪೇಸ್ ಒತ್ತಿದರೆ ಪೂರ್ಣವಿರಾಮ ಹಾಕುವುದು ಇವೆಲ್ಲ ಪತ್ರ ಬರೆಯುವವರಿಗೆ ಅನುಕೂಲ, ನಾಲ್ಕೈದು ಪದಗಳನ್ನು ಜೋಡಿಸಿ ಪಾಸ್‌ವರ್ಡ್ ಮಾಡಿಕೊಂಡವರಿಗೆ ಕಂಟಕ. ಪಾಸ್‌ವರ್ಡ್ ಪೆಟ್ಟಿಗೆಗಳಲ್ಲಿ ಇವು ಸಾಮಾನ್ಯವಾಗಿ ನಿಂತಿರುತ್ತವೆ, ಆದರೆ ಬೇರೆ ಕಡೆ ಟೈಪ್ ಮಾಡಿ ತಂದು ಅಂಟಿಸಿದರೆ ಕೆಲಸ ಕೆಡುತ್ತದೆ. ಐಫೋನಿನ ನೋಟ್ಸ್ ಆ್ಯಪಿನಲ್ಲಿ ಬರೆದಿಟ್ಟ ನೇರ ಉದ್ಧರಣ ಚಿಹ್ನೆಯು ಬಾಗಿದ ಚಿಹ್ನೆಯಾಗಿರುತ್ತದೆ, ಎರಡು ಅಡ್ಡಗೆರೆಗಳು ಕೂಡಿ ಒಂದು ಉದ್ದಗೆರೆಯಾಗಿರುತ್ತವೆ. ಪಿಡಿಎಫ್ ಅಥವಾ ಸಂದೇಶದಿಂದ ನಕಲು ಮಾಡಿದರೆ ಕೊನೆಯಲ್ಲಿ ಖಾಲಿ ಜಾಗ ಅಂಟಿಕೊಂಡು ಬರಬಹುದು. ಆದ್ದರಿಂದ ಅಂಟಿಸುವುದನ್ನು ಬಿಟ್ಟು ಕೈಯಿಂದ ಟೈಪ್ ಮಾಡಿ, ಅದಕ್ಕೂ ಒಪ್ಪದಿದ್ದರೆ ಬೇರೊಂದು ಕೀಲಿಮಣೆಯಿಂದ ಪ್ರಯತ್ನಿಸಿ. ಕಂಪ್ಯೂಟರಿನಲ್ಲಿ ತೆರೆ ಮೇಲಿನ ಕೀಲಿಮಣೆಯನ್ನು ತೆರೆದು ಮೌಸ್‌ನಿಂದ ಒತ್ತಿದರೆ, ತಪ್ಪು ಕೈಯದೋ ಕೀಲಿಯದೋ ಎಂಬುದು ಒಂದೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಪಾಸ್‌ವರ್ಡಿನಲ್ಲಿ ಕನ್ನಡ ಅಕ್ಷರಗಳಿದ್ದರೆ

ಮಾಸ್ಟರ್ ಪಾಸ್‌ವರ್ಡನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳುವುದು ಸಾಧ್ಯ, ಊಹಿಸಲು ಕಷ್ಟವಾದ್ದರಿಂದ ಆಕರ್ಷಕವೂ ಹೌದು. ಆದರೆ ಪರದೆಯ ಮೇಲೆ ಒಂದೇ ರೀತಿ ಕಾಣುವ ಕನ್ನಡ ಪದವನ್ನು ಯೂನಿಕೋಡಿನಲ್ಲಿ, ಅಂದರೆ ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪದ್ಧತಿಯಲ್ಲಿ, ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು ಎಂಬುದು ಇಲ್ಲಿ ಮುಳುವಾಗುತ್ತದೆ. ‘ಕೊ’ ಎಂಬುದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ಕೀ’, ‘ಕೇ’, ‘ಕೋ’ಗಳ ದೀರ್ಘವನ್ನೂ ಹ್ರಸ್ವ ಚಿಹ್ನೆಯ ಪಕ್ಕದಲ್ಲಿ ದೀರ್ಘದ ಪ್ರತ್ಯೇಕ ಚಿಹ್ನೆಯಿಟ್ಟು ಬರೆಯಲು ಅವಕಾಶವಿದೆ. ಓದುವ ಕಣ್ಣಿಗೆ ವ್ಯತ್ಯಾಸವಿಲ್ಲ. ಕೀಲಿ ತಯಾರಿಸುವ ಗಣಿತಕ್ಕೆ ಅವು ಬೇರೆ ಬೇರೆ ಪದಗಳು. ವನ್‌ಪಾಸ್‌ವರ್ಡಿನಂಥ ಕೆಲವು ತಂತ್ರಾಂಶಗಳು ಕೀಲಿ ತಯಾರಿಸುವ ಮೊದಲು ಇಂಥ ರೂಪಗಳನ್ನೆಲ್ಲ ಒಂದೇ ಮಾದರಿಗೆ ತರುತ್ತವೆ, ಆದರೆ ಎಲ್ಲವೂ ಹಾಗೆ ಮಾಡುತ್ತವೆ ಎಂದು ನಂಬಿ ಕೂರಬಾರದು.

ಇದಕ್ಕಿಂತ ಕಾಡುವುದು ಕಣ್ಣಿಗೇ ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ‘ಕು’ ಎಂಬುದು ‘ಜ್’ಗೆ ಒತ್ತಕ್ಷರವಾಗಿ ಸೇರದಂತೆ ತಡೆಯಲು, ನಡುವೆ ಅಗಲವಿಲ್ಲದ ಒಂದು ಸಂಕೇತವನ್ನು ಹಾಕುತ್ತೇವೆ. ಒಂದು ಕೀಲಿಮಣೆ ಅದನ್ನು ತಾನಾಗಿಯೇ ಹಾಕುತ್ತದೆ, ಇನ್ನೊಂದರಲ್ಲಿ ಬೇರೆ ಕೀಲಿ ಒತ್ತಬೇಕು. ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ಲಿಪ್ಯಂತರದ ಕೀಲಿಮಣೆ, ಕೆ.ಪಿ. ರಾವ್ ವಿನ್ಯಾಸ, ಇನ್‌ಸ್ಕ್ರಿಪ್ಟ್, ಫೋನಿನ ಜಿಬೋರ್ಡ್ ಇವು ಒಂದೇ ಪದಕ್ಕೆ ಒಂದೇ ಸಂಕೇತಗಳ ಸಾಲನ್ನು ಕೊಡುತ್ತವೆ ಎಂಬ ಖಾತರಿಯಿಲ್ಲ. ‘ನುಡಿ’ ಅಥವಾ ‘ಬರಹ’ ತಂತ್ರಾಂಶವನ್ನು ಯೂನಿಕೋಡ್ ಅಲ್ಲದ ಹಳೆಯ ರೀತಿಯಲ್ಲಿ ಬಳಸುತ್ತಿದ್ದರೆ ಪಾಸ್‌ವರ್ಡ್ ಪೆಟ್ಟಿಗೆಗೆ ಬೀಳುವುದು ಕನ್ನಡವೇ ಅಲ್ಲ, ಆ ಅಚ್ಚುಗಳ (ಫಾಂಟ್‌ಗಳ) ಹಿಂದಿರುವ ಲ್ಯಾಟಿನ್ ಸಂಕೇತಗಳು. ಆದ್ದರಿಂದ ಕನ್ನಡ ಪಾಸ್‌ವರ್ಡ್ ಒಪ್ಪದಿದ್ದಾಗ ಅದನ್ನು ಮೊದಲು ನಿಗದಿಪಡಿಸಿದ ಸಾಧನ ಯಾವುದು, ಆಗ ಯಾವ ಕೀಲಿಮಣೆ ಇತ್ತು ಎಂಬುದನ್ನು ನೆನಪಿಸಿಕೊಂಡು ಅದರಿಂದಲೇ ಪ್ರಯತ್ನಿಸಿ. ಅಂಕಿಗಳು ಕನ್ನಡದ ೧೨೩ ಆಗಿದ್ದವೋ 123 ಆಗಿದ್ದವೋ ಎಂಬುದನ್ನೂ ಪರೀಕ್ಷಿಸಿ. ಕೆಲವು ಕನ್ನಡ ಕೀಲಿಮಣೆಗಳು ಅಂಕಿಗಳನ್ನೂ ಕನ್ನಡಕ್ಕೆ ತಿರುಗಿಸುತ್ತವೆ. ಚುಕ್ಕೆಗಳ ಎಣಿಕೆ ಇಲ್ಲಿಯೂ ಸುಳಿವು ಕೊಡುತ್ತದೆ: ‘ಕ್ಷ’ ನಮಗೆ ಒಂದೇ ಅಕ್ಷರವಾದರೂ ಅದರಲ್ಲಿ ಮೂರು ಸಂಕೇತಗಳಿವೆ, ಸಾಮಾನ್ಯವಾಗಿ ಮೂರು ಚುಕ್ಕೆಗಳೇ ಮೂಡುತ್ತವೆ. ವಾಲ್ಟ್ ಮತ್ತೆ ತೆರೆದ ಮೇಲೆ ಕನ್ನಡ ಪದಗಳನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದು ಹೊಸ ಪಾಸ್‌ವರ್ಡ್ ಮಾಡಿಕೊಳ್ಳುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಅಭಿಮಾನಕ್ಕೆ ಕೊಂಚ ನೋವಾದೀತು, ರಾತ್ರಿಯ ನಿದ್ರೆ ಉಳಿಯುತ್ತದೆ.

ಪಾಸ್‌ವರ್ಡ್ ಸರಿ, ಬಾಗಿಲು ಬೇರೆ

ಒತ್ತುತ್ತಿರುವುದು ಸರಿಯೆಂದು ಖಚಿತವಾದ ಮೇಲೆ, ಯಾವ ಖಾತೆಗೆ, ಯಾವ ಸರ್ವರಿಗೆ ಒತ್ತುತ್ತಿದ್ದೀರಿ ಎಂಬುದನ್ನು ನೋಡಬೇಕು. ಬಿಟ್‌ವಾರ್ಡನ್ ಅಮೆರಿಕಕ್ಕೊಂದು, ಯುರೋಪಿಗೊಂದು ಎಂದು ಪ್ರತ್ಯೇಕ ಸರ್ವರ್‌ಗಳನ್ನು ನಡೆಸುತ್ತದೆ. ಡಾಟ್ ಕಾಮ್ ವಿಳಾಸದಲ್ಲಿ ತೆರೆದ ಖಾತೆ ಡಾಟ್ ಇಯು ವಿಳಾಸದಲ್ಲಿ ಇರುವುದಿಲ್ಲ. ಲಾಗಿನ್ ಪರದೆಯಲ್ಲಿ ಈ ಆಯ್ಕೆ ಸಣ್ಣ ಅಕ್ಷರಗಳಲ್ಲಿರುತ್ತದೆ. ಸಂಸ್ಥೆಯ ಅಥವಾ ಗೆಳೆಯರ ಸ್ವಂತ ಸರ್ವರಿನಲ್ಲಿ ಖಾತೆ ಇದ್ದರೆ ಆ ಸರ್ವರಿನ ವಿಳಾಸವನ್ನೇ ಕೊಡಬೇಕು. ವನ್‌ಪಾಸ್‌ವರ್ಡಿಗೂ ಡಾಟ್ ಕಾಮ್, ಡಾಟ್ ಸಿಎ, ಡಾಟ್ ಇಯು ಎಂಬ ಬೇರೆ ಬೇರೆ ನೆಲೆಗಳಿವೆ. ತಪ್ಪು ನೆಲೆಯಲ್ಲಿಯೂ ಬರುವ ಸಂದೇಶ ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ ಎಂಬುದೇ. ಅಂಥ ಖಾತೆಯೇ ಇಲ್ಲ ಎಂದು ಹೇಳಿದರೆ ಯಾರ ಖಾತೆ ಎಲ್ಲಿದೆ ಎಂಬುದು ಕಳ್ಳರಿಗೂ ತಿಳಿಯುತ್ತದೆಯಲ್ಲ.

ಇಮೇಲ್ ವಿಳಾಸವನ್ನೂ ಅಕ್ಷರ ಅಕ್ಷರವಾಗಿ ನೋಡಿ. ಜಿಮೇಲ್ ವಿಳಾಸದ ನಡುವೆ ಚುಕ್ಕೆ ಇದ್ದರೂ ಇಲ್ಲದಿದ್ದರೂ ಪತ್ರ ಒಂದೇ ಪೆಟ್ಟಿಗೆಗೆ ಬರುತ್ತದೆ, ಆದರೆ ಪಾಸ್‌ವರ್ಡ್ ಮ್ಯಾನೇಜರಿಗೆ ಅವು ಎರಡು ಬೇರೆ ವಿಳಾಸಗಳು. ಖಾತೆ ತೆರೆದಾಗ ಬಂದ ಸ್ವಾಗತ ಪತ್ರವನ್ನು ಇಮೇಲಿನಲ್ಲಿ ಹುಡುಕಿ, ಅದು ಯಾವ ರೂಪದ ವಿಳಾಸಕ್ಕೆ ಬಂದಿದೆ, ಯಾವ ಸರ್ವರಿನಿಂದ ಬಂದಿದೆ ಎಂದು ನೋಡಿದರೆ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಅದೇ ಹುಡುಕಾಟದಲ್ಲಿ, ಮಾಸ್ಟರ್ ಪಾಸ್‌ವರ್ಡ್ ಬದಲಾದ ಬಗ್ಗೆ ಸೂಚನೆ ಬಂದಿದೆಯೇ ಎಂಬುದನ್ನೂ ನೋಡಿ. ಮನೆಯವರೊಂದಿಗೆ ಹಂಚಿಕೊಂಡ ಖಾತೆಯಾಗಿದ್ದರೆ ಕೇಳಿ ತಿಳಿಯುವುದು ಇನ್ನೂ ಬೇಗ. ಒಂದು ಕಡೆ ಪಾಸ್‌ವರ್ಡ್ ಬದಲಿಸಿದ್ದು, ಇಂಟರ್‌ನೆಟ್ ಇಲ್ಲದೆ ಬಿದ್ದಿರುವ ಹಳೆಯ ಟ್ಯಾಬ್ಲೆಟಿಗೆ ತಿಳಿದಿಲ್ಲವಾದರೆ, ಅದು ಹಳೆಯ ಪಾಸ್‌ವರ್ಡನ್ನೇ ಕೇಳುತ್ತದೆ.

ಇನ್ನೊಂದು ಸಾಧ್ಯತೆಯನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ, ಮೊದಲೇ ನೆನೆಯಬೇಕಾದದ್ದು ಅದು: ನೀವು ನಿಂತಿರುವ ಪುಟವೇ ನಕಲಿಯಾಗಿರಬಹುದು. 2023ರಲ್ಲಿ ಬಿಟ್‌ವಾರ್ಡನ್ ಹೆಸರಿನಲ್ಲಿಯೂ ಕೀಪಾಸ್ ಹೆಸರಿನಲ್ಲಿಯೂ ಗೂಗಲ್ ಹುಡುಕಾಟದ ಜಾಹೀರಾತುಗಳ ಮೂಲಕ ಜನರನ್ನು ಮೋಸದ ತಾಣಗಳಿಗೆ ಕರೆದೊಯ್ದ ಪ್ರಕರಣಗಳು ಬೆಳಕಿಗೆ ಬಂದವು. ಕೀಪಾಸ್ ಪ್ರಕರಣದಲ್ಲಿ ತಾಣದ ಹೆಸರಿನ ಮೊದಲ ಅಕ್ಷರದ ಕೆಳಗೆ ಕಂಡೂ ಕಾಣದಂತೆ ಒಂದು ಸಣ್ಣ ಗುರುತಿತ್ತು. ಲಾಗಿನ್ ಪುಟವನ್ನು ಅನುಕರಿಸುವ ಇಂಥ ತಾಣಕ್ಕೆ ನೀವು ಎಂಥ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯಲು ಅಲ್ಲಿ ವಾಲ್ಟೇ ಇಲ್ಲ. ಹುಡುಕಾಟದ ಫಲಿತಾಂಶದ ಮೂಲಕ ಬಂದ ಪುಟದಲ್ಲಿ ಪಾಸ್‌ವರ್ಡ್ ತಿರಸ್ಕೃತವಾಗಿದ್ದರೆ, ಆ ಪುಟ ಮುಚ್ಚಿ, ವಿಳಾಸವನ್ನು ಕೈಯಿಂದ ಬರೆದು ಅಥವಾ ಮೊದಲಿನಿಂದ ಇರುವ ಆ್ಯಪಿನ ಮೂಲಕ ಪ್ರಯತ್ನಿಸಿ. ಅಲ್ಲಿ ತೆರೆದುಕೊಂಡರೆ ಸಮಾಧಾನಪಡದೆ ಕೂಡಲೇ ಮಾಸ್ಟರ್ ಪಾಸ್‌ವರ್ಡ್ ಬದಲಿಸಿ, ಇತರ ಎಲ್ಲ ಲಾಗಿನ್‌ಗಳನ್ನು ರದ್ದುಗೊಳಿಸಿ.

ಪದೇ ಪದೇ ಪ್ರಯತ್ನಿಸಿದ್ದರಿಂದಲೇ ಸರ್ವರ್ ನಿಮ್ಮನ್ನು ಸ್ವಲ್ಪ ಹೊತ್ತು ತಡೆದಿರುವುದೂ ಉಂಟು. ಹಾಗನ್ನಿಸಿದರೆ ಒಂದು ಗಂಟೆ ಬಿಟ್ಟು ಬನ್ನಿ. ಪಾಸ್‌ವರ್ಡ್ ದಾಟಿದ ಮೇಲೆ ಕೇಳುವ ಆರು ಅಂಕಿಗಳ ಸಂಕೇತ ತಿರಸ್ಕೃತವಾಗುತ್ತಿದ್ದರೆ ಅದು ಬೇರೆಯೇ ತೊಂದರೆ; ಹೆಚ್ಚಿನ ಸಲ ಫೋನಿನ ಗಡಿಯಾರ ತಪ್ಪಾಗಿರುತ್ತದೆ, ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವಂತೆ ಮಾಡಿದರೆ ಸರಿಹೋಗುತ್ತದೆ.

ಕೀಪಾಸ್ ಬಳಸುವವರಿಗೆ

ಇಲ್ಲಿ ಸರ್ವರ್ ಇಲ್ಲ, ಫೈಲ್ ಒಂದೇ ಎಲ್ಲ. ಕೀಪಾಸ್‌ಎಕ್ಸ್‌ಸಿ ತನ್ನ ಸಂದೇಶದಲ್ಲಿ ಪ್ರಾಮಾಣಿಕವಾಗಿದೆ: ಕೊಟ್ಟ ವಿವರಗಳು ಸರಿಯಿಲ್ಲ, ಇದು ಮರುಕಳಿಸಿದರೆ ಡೇಟಾಬೇಸ್ ಫೈಲ್ ಕೆಟ್ಟಿರಬಹುದು ಎಂಬರ್ಥದ ಮಾತಿನ ಜೊತೆಗೆ ಎಚ್‌ಮ್ಯಾಕ್ ಹೊಂದುತ್ತಿಲ್ಲ ಎಂದೂ ತೋರಿಸುತ್ತದೆ. ಅಂದರೆ ಕೀಲಿಯ ಮೊಹರು ಫೈಲಿನ ಮೊಹರಿಗೆ ತಾಳೆಯಾಗಲಿಲ್ಲ ಎಂದಷ್ಟೇ.

ಮೊದಲ ಅನುಮಾನ ಕೀ ಫೈಲಿನ ಮೇಲಿರಲಿ. ಅದನ್ನು ಕೊಡುವುದನ್ನೇ ಮರೆತಿರುವುದು ಸಾಮಾನ್ಯ, ಏಕೆಂದರೆ ತಂತ್ರಾಂಶ ಹಿಂದಿನ ಸಲದ ಜಾಗವನ್ನು ನೆನಪಿಟ್ಟುಕೊಂಡು ತಾನೇ ತುಂಬುತ್ತಿರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಆ ನೆನಪು ಇರುವುದಿಲ್ಲ, ಇಂಥ ಫೈಲ್ ಒಂದಿತ್ತು ಎಂಬುದು ನಿಮಗೂ ನೆನಪಿರುವುದಿಲ್ಲ. ಕೀಪಾಸ್ ಯಾವ ಫೈಲನ್ನಾದರೂ ಕೀ ಫೈಲ್ ಎಂದು ಒಪ್ಪುತ್ತದೆ, ಆ ಧಾರಾಳತನವೇ ಕಷ್ಟ ತರುತ್ತದೆ. ಮಗುವಿನ ಫೋಟೋವನ್ನು ಕೀ ಫೈಲ್ ಮಾಡಿಕೊಂಡು, ಅದನ್ನು ವಾಟ್ಸಾಪ್ ಮೂಲಕ ಹೊಸ ಫೋನಿಗೆ ಕಳಿಸಿಕೊಂಡರೆ, ವಾಟ್ಸಾಪ್ ಅದನ್ನು ಕುಗ್ಗಿಸಿ ಕಳಿಸುತ್ತದೆ. ಮಗುವಿನ ಮುಖ ಅದೇ, ಫೈಲ್ ಬೇರೆ. ಪಠ್ಯದ ಫೈಲಾಗಿದ್ದರೆ ಅದನ್ನು ಸಂಪಾದಕದಲ್ಲಿ ತೆರೆದು ಉಳಿಸಿದಾಗ ಸಾಲಿನ ಕೊನೆಯ ಸಂಕೇತಗಳು ಬದಲಾಗಿರಬಹುದು. ಮೂಲ ಪ್ರತಿ ಇರುವ ಹಳೆಯ ಸಾಧನ, ಮೆಮೊರಿ ಕಾರ್ಡ್, ಬ್ಯಾಕಪ್‌ಗಳನ್ನು ಹುಡುಕಿ.

ಎರಡನೆಯ ಅನುಮಾನ, ನೀವು ತೆರೆಯುತ್ತಿರುವ ಡೇಟಾಬೇಸೇ ಬೇರೆಯಿರಬಹುದು ಎಂಬುದು. ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್‌ನಲ್ಲಿ ಎರಡು ಸಾಧನಗಳು ಒಂದೇ ಹೊತ್ತಿಗೆ ಬರೆದಾಗ ಸಂಘರ್ಷದ ಪ್ರತಿಗಳು ಹುಟ್ಟುತ್ತವೆ. ಪಾಸ್‌ವರ್ಡ್ ಬದಲಿಸುವ ಮೊದಲಿನ ಪ್ರತಿಯೊಂದು ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿದಿರುತ್ತದೆ. ಕೆಡಿಬಿಎಕ್ಸ್ ವಿಸ್ತರಣೆಯ ಎಲ್ಲ ಫೈಲುಗಳನ್ನೂ ಹುಡುಕಿ, ದಿನಾಂಕ ಮತ್ತು ಗಾತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಗಾತ್ರ ಸೊನ್ನೆಯಾಗಿದ್ದರೆ ಅಥವಾ ಇದ್ದಕ್ಕಿದ್ದಂತೆ ಕುಗ್ಗಿದ್ದರೆ ನಕಲಾಗುವಾಗ ಅರ್ಧಕ್ಕೆ ನಿಂತಿದೆ ಎಂದರ್ಥ. ಆಗ ಕ್ಲೌಡ್ ಸೇವೆಯ ಹಿಂದಿನ ಆವೃತ್ತಿಗಳ ಪಟ್ಟಿಯಿಂದ ಹಳೆಯದನ್ನು ತರಿಸಿಕೊಳ್ಳಿ, ಅಥವಾ ಕೀಪಾಸ್‌ಎಕ್ಸ್‌ಸಿಯಲ್ಲಿ ಉಳಿಸುವ ಮೊದಲು ಬ್ಯಾಕಪ್ ಮಾಡುವ ಆಯ್ಕೆ ಇಟ್ಟುಕೊಂಡಿದ್ದರೆ ಅದೇ ಫೋಲ್ಡರಿನಲ್ಲಿರುವ ಹಿಂದಿನ ಪ್ರತಿಯನ್ನು ತೆರೆದು ನೋಡಿ.

ಯೂಬಿಕೀ ಬಳಸುವವರು ಸರಿಯಾದ ಸ್ಲಾಟ್ (ಆ ಸಾಧನದಲ್ಲಿ ಗುಟ್ಟನ್ನು ಇಟ್ಟಿರುವ ಸ್ಥಾನ) ಆರಿಸಿದ್ದೀರಾ ಎಂದು ನೋಡಿ. ವಿಂಡೋಸ್‌ನ ಮೂಲ ಕೀಪಾಸ್‌ನಲ್ಲಿ ‘ವಿಂಡೋಸ್ ಬಳಕೆದಾರ ಖಾತೆ’ಯನ್ನು ಕೀಲಿಯ ಭಾಗವಾಗಿ ಸೇರಿಸಿದ್ದರೆ, ಆ ಡೇಟಾಬೇಸ್ ಕೀಪಾಸ್‌ಎಕ್ಸ್‌ಸಿಯಲ್ಲಿಯೋ ಫೋನಿನಲ್ಲಿಯೋ ತೆರೆಯುವುದಿಲ್ಲ, ವಿಂಡೋಸ್ ಹೊಸದಾಗಿ ಹಾಕಿದ ಮೇಲೆ, ಬಳಕೆದಾರರ ಹೆಸರು ಹಿಂದಿನದೇ ಆಗಿದ್ದರೂ, ಮೊದಲೇ ತೆಗೆದಿಟ್ಟ ಬ್ಯಾಕಪ್ ಇಲ್ಲದೆ ಅದೇ ಕಂಪ್ಯೂಟರಿನಲ್ಲೂ ತೆರೆಯದು.

ನೆನಪೇ ಕೈಕೊಟ್ಟಿದ್ದರೆ

ಈ ಎಲ್ಲವನ್ನೂ ದಾಟಿ ಬಂದ ಮೇಲೆ ಉಳಿಯುವುದು, ಸರಿಯೆಂದುಕೊಂಡ ಪಾಸ್‌ವರ್ಡ್ ಒಂದೆರಡು ಅಕ್ಷರಗಳಲ್ಲಿ ತಪ್ಪಿರುವ ಸಾಧ್ಯತೆ. ಬಿಟ್‌ವಾರ್ಡನ್ ಖಾತೆ ತೆರೆಯುವಾಗ ಸುಳಿವು ಬರೆದಿದ್ದರೆ ಅದನ್ನು ಇಮೇಲಿಗೆ ತರಿಸಿಕೊಳ್ಳಬಹುದು. ಬೆರಳಚ್ಚಿನಿಂದ ತೆರೆಯುತ್ತ ತಿಂಗಳುಗಟ್ಟಲೆ ಪಾಸ್‌ವರ್ಡ್ ಒತ್ತದೆ ಇದ್ದವರಿಗೆ, ಮನಸ್ಸಿಗಿಂತ ಬೆರಳುಗಳ ನೆನಪು ಹೆಚ್ಚು ಗಟ್ಟಿಯಾಗಿರುತ್ತದೆ; ಎಂದಿನ ಕೀಲಿಮಣೆಯ ಮುಂದೆ ಎಂದಿನ ವೇಗದಲ್ಲಿ ಒತ್ತಿ, ಏನು ಮೂಡಿತೆಂದು ಆಮೇಲೆ ನೋಡಿ. ಪ್ರಯತ್ನಿಸಿದ ರೂಪಗಳನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತ ಹೋದರೆ ಅದೇ ತಪ್ಪನ್ನು ಹತ್ತು ಸಲ ಮಾಡುವುದು ತಪ್ಪುತ್ತದೆ.

ಕೀಪಾಸ್ ಫೈಲಿನ ಮೇಲೆ ಈ ಹುಡುಕಾಟವನ್ನು ಯಂತ್ರಕ್ಕೂ ಒಪ್ಪಿಸಬಹುದು. ಜಾನ್ ದ ರಿಪ್ಪರ್, ಹ್ಯಾಶ್‌ಕ್ಯಾಟ್ ಎಂಬ ಉಚಿತ ತಂತ್ರಾಂಶಗಳು ನೀವು ಕೊಟ್ಟ ನಿಯಮದಂತೆ ಪಾಸ್‌ವರ್ಡಿನ ರೂಪಾಂತರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತವೆ. ಆದರೆ ಲೆಕ್ಕ ಹಾಕಿಯೇ ಹೊರಡಬೇಕು. ಒಂದು ಪ್ರಯತ್ನಕ್ಕೆ ಒಂದು ಸೆಕೆಂಡ್ ಬೇಕಾಗುವಂತೆ ಡೇಟಾಬೇಸ್ ಹೊಂದಿಸಿದ್ದೀರಿ ಎಂದಿಟ್ಟುಕೊಳ್ಳಿ. 14 ಅಕ್ಷರಗಳಲ್ಲಿ ಒಂದು ಮಾತ್ರ ತಪ್ಪಿದ್ದರೆ, ಪ್ರತಿ ಸ್ಥಾನದಲ್ಲಿ ಕೀಲಿಮಣೆಯ 95 ಚಿಹ್ನೆಗಳಂತೆ 1,330 ಪ್ರಯತ್ನಗಳು, ಅಂದರೆ 22 ನಿಮಿಷ. ಎರಡು ಅಕ್ಷರ ತಪ್ಪಿದ್ದರೆ 8,21,275 ಪ್ರಯತ್ನಗಳು, ಸುಮಾರು ಒಂಬತ್ತೂವರೆ ದಿನ. ಮೂರು ತಪ್ಪಿದ್ದರೆ ವರ್ಷಗಳ ಮಾತು. ಈ ಕೆಲಸ ನಿಮ್ಮ ಕಂಪ್ಯೂಟರಿನಲ್ಲಿಯೇ ನಡೆಯಬೇಕು. ಹಣ ಪಡೆದು ಪಾಸ್‌ವರ್ಡ್ ತೆಗೆದುಕೊಡುತ್ತೇವೆ ಎನ್ನುವವರಿಗೆ ಫೈಲ್ ಕೊಟ್ಟರೆ, ಅದು ತೆರೆದ ದಿನ ಮೊದಲು ನೋಡುವವರು ನೀವಾಗಿರುವುದಿಲ್ಲ.

ಸೇವೆಯ ಸಹಾಯವಾಣಿಗೆ ಬರೆದು ಪಾಸ್‌ವರ್ಡ್ ಕೇಳುವುದರಿಂದ ಫಲವಿಲ್ಲ, ಅವರ ಬಳಿ ಅದು ಇಲ್ಲ. ಮೊದಲೇ ಸಿದ್ಧಮಾಡಿಟ್ಟ ದಾರಿಗಳು ಮಾತ್ರ ಈಗ ಒದಗುತ್ತವೆ: ಬಿಟ್‌ವಾರ್ಡನ್‌ನಲ್ಲಿ ತುರ್ತು ಸಂಪರ್ಕವೆಂದು ಒಪ್ಪಿಸಿಟ್ಟ ಆಪ್ತರು, ನೀವು ಗೊತ್ತುಮಾಡಿದ ಕಾಯುವ ಅವಧಿ ಮುಗಿದ ಮೇಲೆ, ಪೂರ್ಣ ಅಧಿಕಾರ ಕೊಟ್ಟಿದ್ದರೆ ಹೊಸ ಮಾಸ್ಟರ್ ಪಾಸ್‌ವರ್ಡ್ ಹಾಕಬಲ್ಲರು, ಕಚೇರಿಯ ಖಾತೆಯಾದರೆ ನಿರ್ವಾಹಕರಿಂದ ಆಗಬಹುದು, ವನ್‌ಪಾಸ್‌ವರ್ಡಿನ ಕುಟುಂಬ ಖಾತೆಯನ್ನು ಅದರ ಸಂಘಟಕರು ಮರಳಿಸಿಕೊಡಬಲ್ಲರು. ಎರಡು ಹಂತದ ಲಾಗಿನ್‌ಗೆಂದು ಕೊಟ್ಟ ಬಿಟ್‌ವಾರ್ಡನ್‌ನ ರಿಕವರಿ ಕೋಡ್ ಇಲ್ಲಿ ಉಪಯೋಗಕ್ಕೆ ಬಾರದು, ಅದು ಎರಡನೆಯ ಹಂತವನ್ನಷ್ಟೇ ತೆಗೆಯುತ್ತದೆ.

ಯಾವುದೂ ಒದಗದಿದ್ದರೆ ಖಾತೆಯನ್ನು ಅಳಿಸಿ ಅದೇ ಇಮೇಲಿನಿಂದ ಹೊಸದು ತೆರೆಯಬೇಕಾಗುತ್ತದೆ, ವಾಲ್ಟಿನಲ್ಲಿದ್ದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಅಳಿಸಲು ಅವಸರಪಡಬೇಡಿ, ಬೇರೊಂದು ಇಮೇಲಿನಿಂದ ಹೊಸ ಖಾತೆ ತೆರೆದು, ಹಳೆಯದನ್ನು ಕೆಲವು ತಿಂಗಳು ಹಾಗೆಯೇ ಬಿಟ್ಟಿರಿ, ಪಾಸ್‌ವರ್ಡ್ ನೆನಪಾಗುವುದೂ ಉಂಟು. ಮರಳಿ ಕಟ್ಟುವಾಗ ಕ್ರಮ ಮುಖ್ಯ. ಮೊದಲು ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಿ, ಬಳಿಕ ಇಮೇಲ್ ಖಾತೆಯನ್ನು ಮರಳಿ ಪಡೆಯಿರಿ, ಏಕೆಂದರೆ ಉಳಿದ ಬಹುತೇಕ ಸೇವೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಅನಂತರ ಬ್ಯಾಂಕ್, ಡಿಜಿಲಾಕರ್, ತೆರಿಗೆಯ ಖಾತೆಗಳು. ಉಳಿದವು ಬೇಕಾದಾಗ ಒಂದೊಂದಾಗಿ.

ಹೊಸ ಮಾಸ್ಟರ್ ಪಾಸ್‌ವರ್ಡನ್ನು, ಅದರ ಜೊತೆಗೆ ಇಮೇಲ್ ವಿಳಾಸ, ಸರ್ವರ್, ಸೀಕ್ರೆಟ್ ಕೀ ಅಥವಾ ಕೀ ಫೈಲ್ ಇರುವ ಜಾಗವನ್ನು ಕಾಗದದಲ್ಲಿ ಬರೆದು, ಆಸ್ತಿಪತ್ರಗಳನ್ನು ಇಡುವ ಕಡೆ ಇಡಿ. ಇಮೇಲಿನ ಪಾಸ್‌ವರ್ಡನ್ನೂ ಆ ಕಾಗದದಲ್ಲೇ ಬರೆಯಿರಿ: ಹೊಸ ಸಾಧನದಿಂದ ಲಾಗಿನ್ ಆಗುವಾಗ ಬಿಟ್‌ವಾರ್ಡನ್ ಇಮೇಲಿಗೆ ಸಂಕೇತ ಕಳಿಸಿ ದೃಢಪಡಿಸಿಕೊಳ್ಳುವುದುಂಟು, ಮತ್ತು ಆ ಇಮೇಲಿನ ಪಾಸ್‌ವರ್ಡ್ ವಾಲ್ಟಿನೊಳಗೆ ಮಾತ್ರ ಇದ್ದರೆ ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲೆಳೆದಂತಾಗುತ್ತದೆ. ಬರೆದಿಟ್ಟ ಕಾಗದವನ್ನು ಮುಂದಿಟ್ಟುಕೊಂಡು, ಹಳೆಯ ಸಾಧನದಲ್ಲಿ ವಾಲ್ಟ್ ತೆರೆದಿರುವಾಗಲೇ, ನೀವು ಬಳಸುವ ಪ್ರತಿಯೊಂದು ಕೀಲಿಮಣೆಯಿಂದಲೂ ಒಮ್ಮೊಮ್ಮೆ ಹೊಸದಾಗಿ ಲಾಗಿನ್ ಆಗಿ ನೋಡಿ. ಎಲ್ಲ ಕಡೆ ತೆರೆದ ಮೇಲಷ್ಟೇ ಹಳೆಯ ಸಾಧನದಿಂದ ಲಾಗ್ಔಟ್ ಮಾಡಿ.